ಅಂಗಾಲಿನ ಹಸಿರು

ಅವನು ಯಾವ ಶಾಲೆಯಲ್ಲೂ ಒಂದೇ ಒಂದು ದಿನ ಪಾಠ ಮಾಡಿದವನಲ್ಲ. ಆದರೂ ಊರಿಗೆಲ್ಲ ಅವನು ಹುಲ್ಲು ಮೇಷ್ಟ್ರು. ಅವನ ನರ್ಸರಿಗೆ ಹೋಗಿ "ಮನೆ ಮುಂದೆ ಸ್ವಲ್ಪ ಹುಲ್ಲು ಹಾಕಿಸ್ಬೇಕಿತ್ತು" ಎಂದವರು ಮುಕ್ಕಾಲು ಗಂಟೆ ಪಾಠ ಕೇಳದೆ ಹೊರಗೆ ಬಂದದ್ದಿಲ್ಲ. ಮೊದಲು ಚಪ್ಪಲಿ ಬಿಚ್ಚಿಸುತ್ತಿದ್ದ. ಆಮೇಲೆ ನರ್ಸರಿಯ ನಡುವೆ ಸಾಲಾಗಿ ಬೆಳೆಸಿದ್ದ ಏಳು ಚೌಕಗಳ ಮೇಲೆ ಬರಿಗಾಲಲ್ಲಿ ನಡೆಸುತ್ತಿದ್ದ. ಒಂದೊಂದು ಚೌಕದಲ್ಲಿ ಒಂದೊಂದು ಜಾತಿಯ ಹುಲ್ಲು. ನಡೆಸುತ್ತಲೇ ಮೂರು ಪ್ರಶ್ನೆ ಕೇಳುತ್ತಿದ್ದ.

"ಎಷ್ಟು ಹೊತ್ತು ಬಿಸಿಲು? ಎಷ್ಟು ನೀರು? ಎಷ್ಟು ಕಾಲು?"

ಎಷ್ಟು ಕಾಲು ಎಂದರೆ ಆ ಹುಲ್ಲಿನ ಮೇಲೆ ದಿನಕ್ಕೆ ಎಷ್ಟು ಜನ ಓಡಾಡುತ್ತಾರೆ ಎಂದು. ಈ ಮೂರಕ್ಕೂ ನೆಟ್ಟಗೆ ಉತ್ತರ ಕೊಡದವರಿಗೆ ಅವನು ಒಂದು ಹಿಡಿ ಹುಲ್ಲನ್ನೂ ಮಾರುತ್ತಿರಲಿಲ್ಲ. "ನಮ್ಮದು ಬೆಚ್ಚನೆ ಸೀಮೆ. ತಂಪು ದೇಶದ ಹುಲ್ಲಿನ ಚಿತ್ರ ತಂದು ತೋರಿಸ್ಬೇಡಿ, ಅದು ಇಲ್ಲಿ ಒಂದು ಬೇಸಿಗೆ ಬಾಳಲ್ಲ. ಹೋಗಿ, ನಾಳೆ ಇಡೀ ದಿನ ಅಂಗಳದಲ್ಲಿ ಕೂತು ನೆರಳು ಎಲ್ಲಿಂದ ಎಲ್ಲಿಗೆ ಹೋಗುತ್ತೆ ನೋಡ್ಕೊಂಡು ಬನ್ನಿ" ಎಂದು ದೊಡ್ಡ ದೊಡ್ಡ ಮನುಷ್ಯರನ್ನೇ ವಾಪಸು ಕಳಿಸಿದ್ದುಂಟು. ಅವರು ಬಯ್ದುಕೊಂಡೇ ಹೋಗುತ್ತಿದ್ದರು, ಬಯ್ದುಕೊಂಡೇ ನೆರಳು ನೋಡಿಕೊಂಡು ಬರುತ್ತಿದ್ದರು.

ಇಂಥ ಮನುಷ್ಯ ತನ್ನ ಸ್ವಂತ ಅಕ್ಕ ನಡೆಯಬೇಕಾದ ಹುಲ್ಲಿಗೆ ಆ ಮೂರು ಪ್ರಶ್ನೆಗಳಲ್ಲಿ ಒಂದನ್ನೂ ಕೇಳಲಿಲ್ಲ. ಕೇಳಬೇಕಾಗಿದ್ದ ಬಾಯಲ್ಲಿ ಬೇರೆ ಏನೋ ಆಡಿಬಿಟ್ಟ.

ಅಕ್ಕ ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ತಾಯಿ ತೀರಿಕೊಂಡಾಗ ಅವನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಎತ್ತಿ ಆಡಿಸಿದ್ದು, ಉಣ್ಣಿಸಿದ್ದು, ಕಿವಿ ಹಿಂಡಿ ಶಾಲೆಗೆ ಅಟ್ಟಿದ್ದು ಎಲ್ಲ ಅವಳೇ. ಹೊಲಿಗೆ ಅವಳ ಕಸುಬು. ಶಾಲಾ ಮಕ್ಕಳ ಯೂನಿಫಾರ್ಮು, ಆಸ್ಪತ್ರೆಯ ಪರದೆ, ಯಾರದೋ ಹಳೇ ಕೋಟಿನ ಒಳಬಟ್ಟೆ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಹೊಲಿದೇ ಇಬ್ಬರ ಹೊಟ್ಟೆ ತುಂಬಿಸಿದಳು. ಮದುವೆಯ ಮಾತು ಬಂದಾಗಲೆಲ್ಲ "ನನ್ನ ಮಷೀನು ಬಿಟ್ಟು ನಾನೆಲ್ಲಿಗೆ ಹೋಗ್ಲಿ" ಎಂದು ನಕ್ಕು ತೇಲಿಸಿಬಿಡುತ್ತಿದ್ದಳು. ತಮ್ಮ ದೊಡ್ಡವನಾಗಿ, ನರ್ಸರಿ ಇಟ್ಟು, ಸಂಸಾರ ಹೂಡಿ ಬೇರೆ ಹೋದ ಮೇಲೆ ಒಂದು ಬೀದಿಯ ಕೊನೆಯಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡಳು. ಮುಂದಿನ ಕೋಣೆಯಲ್ಲಿ ಮಷೀನು, ಹಿಂದಿನ ಕೋಣೆಯಲ್ಲಿ ಅವಳು.

ಅರವತ್ತೆಂಟನೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ, ಮಷೀನಿನ ಮುಂದೆಯೇ, ಅವಳ ಎಡಭಾಗ ಸತ್ತುಹೋಯಿತು. ಹದಿನೈದು ದಿನ ಆಸ್ಪತ್ರೆ. ಅಲ್ಲಿಂದ ಆರೈಕೆ ಮನೆ. ಅದು ಪಾರ್ಶ್ವವಾಯು ಹೊಡೆದವರಿಗೆ ಮತ್ತೆ ನಡೆಯಲು, ಗುಂಡಿ ಹಾಕಿಕೊಳ್ಳಲು, ಚಮಚ ಹಿಡಿಯಲು ಕಲಿಸುವ ಜಾಗ. ಮೂರು ತಿಂಗಳು ಕಲಿಸಿ ಕೊನೆಗೆ ಡಾಕ್ಟರಮ್ಮ ಮತ್ತು ಅವರ ಜೊತೆಯ ಇಬ್ಬರು ಕೂತು ತೀರ್ಮಾನ ಮಾಡುತ್ತಿದ್ದರು. ಕೈಕಾಲು, ತಲೆ ಎರಡೂ ನೆಟ್ಟಗಿದ್ದವರು ತಮ್ಮ ಮನೆಗೆ. ಒಬ್ಬರೇ ಇರಲು ಆಗದವರು ಹಿಂದಿನ ಕಟ್ಟಡಕ್ಕೆ. ಹಿಂದಿನ ಕಟ್ಟಡದಿಂದ ಯಾರೂ ವಾಪಸು ಬಂದದ್ದನ್ನು ಅಲ್ಲಿಯ ಆಯಾಗಳೂ ನೋಡಿರಲಿಲ್ಲ.

ಅಕ್ಕನಿಗೆ ಬೇಕಾಗಿದ್ದದ್ದು ಒಂದೇ. ಮನೆಯ ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದಳು. ಸ್ನಾನಕ್ಕೂ ತೆಗೆಯುತ್ತಿರಲಿಲ್ಲ. ಮೇಷ್ಟ್ರ ಹೆಂಡತಿ "ನಮ್ಮನೆಗೇ ಬಂದ್ಬಿಡಿ ಅತ್ತಿಗೆ" ಎಂದು ಕರೆದಾಗ, "ನಿಮ್ಮನೆ ಮೂರನೇ ಮಹಡಿ. ಹತ್ತೋದು ಹೇಗೋ ಹತ್ತಬಹುದು ಕಣೇ, ಆದ್ರೆ ಅಲ್ಲಿ ನನ್ನ ಬಾಗಿಲು ಅಂತ ಯಾವುದಿದೆ?" ಎಂದುಬಿಟ್ಟಳು. ಮೇಷ್ಟ್ರಿಗೆ ಒಳಗೊಳಗೇ ಹಗುರವಾಯಿತು. ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು. ಆ ನಾಚಿಕೆ ಸಣ್ಣದು, ಮಾರನೇ ದಿನಕ್ಕೆ ಮರೆತುಹೋಯಿತು. ದೊಡ್ಡದು ಇನ್ನೂ ಮುಂದಿತ್ತು.

ಆರೈಕೆ ಮನೆಯ ನಡುವಂಗಳದಲ್ಲಿ ಒಂದು ಭಾರಿ ಮರ. ಸುತ್ತಲೂ ಎರಡಂತಸ್ತಿನ ಗೋಡೆ. ಮರದ ಕೆಳಗೆ ಬರೀ ಮಣ್ಣು. ಅಲ್ಲಿ ಹುಲ್ಲು ಹಾಕಿಸಿದರೆ ರೋಗಿಗಳನ್ನು ಬರಿಗಾಲಲ್ಲಿ ನಡೆಸಬಹುದು, ಅಂಗಾಲಿಗೆ ಏನಾದರೂ ತಾಗುತ್ತಿದ್ದರೆ ಸತ್ತ ಕಾಲಿಗೆ ನಿಧಾನವಾಗಿ ಅರಿವು ಮರಳುತ್ತದೆ ಎನ್ನುವುದು ಡಾಕ್ಟರಮ್ಮನ ಯೋಚನೆ. "ನಿಮ್ಮ ತಮ್ಮನ ಕೈಲೇ ಹಾಕಿಸೋಣ" ಎಂದು ಅಕ್ಕನ ಮುಂದೆ ಹೇಳಿ, ಅವನನ್ನು ಕರೆಸಿದರು.

ಮೇಷ್ಟ್ರು ಬಂದ. ಅವನ ಹಿಂದೆ, ನರ್ಸರಿಯಲ್ಲಿ ಕೆಲಸಕ್ಕಿದ್ದ ಕತ್ತರಿ ಬಂದಳು. ಹುಲ್ಲಿನ ಅಂಚು ಕತ್ತರಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ, ನಾಲಿಗೆಯೂ ಅಷ್ಟೇ ಹರಿತ, ಎರಡಕ್ಕೂ ಸೇರಿ ಒಂದೇ ಹೆಸರು. ಅಂಗಳದಲ್ಲಿ ಆಗಲೇ ಆರೇಳು ಜನ ರೋಗಿಗಳು, ನಾಲ್ಕು ಜನ ಆಯಾಗಳು, ಫೈಲು ಹಿಡಿದ ಡಾಕ್ಟರಮ್ಮ ಸೇರಿದ್ದರು. ಅಷ್ಟು ಜನ ನೋಡಿದ ಮೇಲೆ ಮೇಷ್ಟ್ರಿಗೆ ಪಾಠ ಶುರು ಮಾಡದೆ ಇರಲು ಆಗುತ್ತದೆಯೇ?

"ಸಣ್ಣ ಎಲೆ ಹುಲ್ಲು ಹಾಕ್ತೀನಿ. ನನ್ನ ನರ್ಸರೀಲಿ ಮೊದಲನೇ ಚೌಕದ್ದು. ಕೂದಲಿನ ಹಾಗೆ ತೆಳು, ಕಾಲಿಟ್ರೆ ರೇಷ್ಮೆ. ಇಡೀ ಊರಲ್ಲಿ ಇಂಥ ಲಾನ್ ಇನ್ನೊಂದಿರಲ್ಲ, ನೋಡ್ತಾ ಇರಿ."

ಕುರ್ಚಿಯಲ್ಲಿ ಕೂತಿದ್ದ ಅಕ್ಕ ಮೇಲೆ ಮರದ ಕಡೆ ನೋಡಿದಳು. ಸ್ಟ್ರೋಕ್ ಆದ ಮೇಲೆ ಅವಳ ಮಾತು ನಿಧಾನ. ಒಂದೊಂದು ಶಬ್ದವನ್ನೂ ಸೂಜಿಗೆ ದಾರ ಪೋಣಿಸುವ ಹಾಗೆ ಗುರಿಯಿಟ್ಟು ಆಡುತ್ತಿದ್ದಳು.

"ಆ ಹುಲ್ಲು ಇಲ್ಲಿ ಬರಲ್ಲ ಕಣೋ. ಇಲ್ಲಿ ನೆರಳು. ಅಗಲ ಹುಲ್ಲು ಹಾಕು. ನಮ್ಮ ಹಳೇ ಮನೆ ಬಟ್ಟೆ ಒಗೆಯೋ ಕಲ್ಲಿನ ಹತ್ರ ಇತ್ತಲ್ಲ, ಅದು. ನೆರಳಲ್ಲೂ ಬರುತ್ತೆ. ಒರಟು ಹುಲ್ಲು, ನಮ್ಮಂಥವರ ಕಾಲಿಗೂ ಗೊತ್ತಾಗುತ್ತೆ."

ಅವಳು ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿ. ಸಣ್ಣ ಎಲೆ ಹುಲ್ಲಿಗೆ ದಿನಕ್ಕೆ ಏಳು ಗಂಟೆ ಬಿಸಿಲು ಬೇಕು. ಇದನ್ನು ಸಾವಿರ ಜನಕ್ಕೆ ಹೇಳಿದವನು ಅವನೇ. ಆದರೆ ಅಗಲ ಹುಲ್ಲನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅವನ ಏಳು ಚೌಕಗಳಲ್ಲಿ ಅದಕ್ಕೆ ಜಾಗವಿರಲಿಲ್ಲ. ನರ್ಸರಿಯ ಹಿಂದೆ, ನಲ್ಲಿಯ ನೀರು ಸೋರುವ ಕಡೆ, ಯಾರೂ ಕರೆಯದೆ ತಾನಾಗಿ ಬಂದು ಹಬ್ಬಿಕೊಂಡಿತ್ತು. ಯಾರಾದರೂ ಕೇಳಿದರೆ "ಅದು ದನಕ್ಕೆ ಹಾಕೋದು" ಎನ್ನುತ್ತಿದ್ದ. ಯಾಕೆಂದು ಅವನೇ ಎಂದೂ ಯೋಚಿಸಿರಲಿಲ್ಲ. ಯೋಚಿಸಿದ್ದರೆ ತಿಳಿಯುತ್ತಿತ್ತು. ಸೋಪಿನ ನೀರು ಹರಿಯುವ ಆ ಕಲ್ಲಿನ ಪಕ್ಕ, ಹೊಲಿಗೆ ಕಲಿಯುವ ಮುಂಚೆ ಅಕ್ಕ ಪರರ ಮನೆಯ ಬಟ್ಟೆ ಒಗೆದು ಒಣಹಾಕುತ್ತಿದ್ದ ಆ ಹಿತ್ತಲಲ್ಲಿ, ಆ ಹುಲ್ಲಿನ ಮೇಲೆ ಅವನು ನಡೆಯಲು ಕಲಿತದ್ದು. ಶಾಲೆಯಲ್ಲಿ ಹುಡುಗರು "ನಿನ್ನ ಹತ್ರ ಸೋಪಿನ ವಾಸನೆ" ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅಕ್ಕ ಈಗ ಅಷ್ಟು ಜನರ ಮುಂದೆ ಆ ಕಲ್ಲನ್ನು, ಆ ಹಿತ್ತಲನ್ನು ತಂದು ನಿಲ್ಲಿಸಿದಳು. ಮೇಷ್ಟ್ರ ಮುಖ ಕೆಂಪಾಯಿತು.

ಅವನು ನಕ್ಕ. ಡಾಕ್ಟರಮ್ಮನ ಕಡೆ ತಿರುಗಿ, ಅಕ್ಕ ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ಹೇಳಿದ.

"ಅವಳ ಮಾತು ತಲೆಗೆ ಹಾಕ್ಕೋಬೇಡಿ ಡಾಕ್ಟರಮ್ಮ. ಸ್ಟ್ರೋಕ್ ಆದ್ಮೇಲೆ ಅವಳಿಗೆ ಎಲ್ಲಾ ಕಲಸಿಹೋಗಿದೆ. ಐವತ್ತು ವರ್ಷದ ಹಿಂದಿಂದು ನಿನ್ನೆದು ಅಂತಾಳೆ."

ಡಾಕ್ಟರಮ್ಮ ಜೇಬಿನಿಂದ ಪೆನ್ನು ತೆಗೆದರು. ಫೈಲು ತೆರೆದು ಏನೋ ಒಂದು ಸಾಲು ಬರೆದುಕೊಂಡರು. ಮೇಷ್ಟ್ರು ಅದನ್ನು ನೋಡಿದ. ಆ ಪೆನ್ನು ನಿಲ್ಲುವುದರೊಳಗೆ "ಅಯ್ಯೋ, ತಮಾಷೆಗೆ ಅಂದೆ" ಎನ್ನಬಹುದಿತ್ತು. ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅಕ್ಕ ಅವನನ್ನು ಒಂದು ಗಳಿಗೆ ನೋಡಿ, "ಹಾಗಾದ್ರೆ ನಿನ್ನಿಷ್ಟ" ಎಂದಳು.

ಹುಲ್ಲು ಹಾಸಿದ್ದಾಯಿತು. ಮೊದಲ ಎರಡು ವಾರ ಅದು ನಿಜಕ್ಕೂ ರೇಷ್ಮೆಯೇ. ಬಂದವರೆಲ್ಲ ಹೊಗಳಿದರು, ಮೇಷ್ಟ್ರಿಗೆ ತಲೆಯ ಮೇಲೆ ಕೊಂಬು ಬಂದವು. "ಬೇರು ಹಿಡಿಯೋ ತನಕ ಎರಡು ತಿಂಗಳು ಯಾರೂ ತುಳೀಬೇಡಿ" ಎಂದು ಸುತ್ತಲೂ ಹಗ್ಗ ಕಟ್ಟಿಸಿದ. ಮೂರನೇ ವಾರ ಹುಲ್ಲು ಬಿಸಿಲು ಹುಡುಕಿಕೊಂಡು ಉದ್ದುದ್ದ, ಬಿಳುಚಿಕೊಂಡು ಬೆಳೆಯಿತು. ಐದನೇ ವಾರ ಮರದ ಬುಡದಲ್ಲಿ ಕಂದು ಕಲೆ. ಏಳನೇ ವಾರಕ್ಕೆ ಕಲೆ ಕಲೆ ಕೂಡಿ ಅರ್ಧ ಅಂಗಳ ಕಂದು. ಗೊಬ್ಬರ ಹಾಕಿದ, ನೀರು ಹೆಚ್ಚಿಸಿದ, ನೀರು ಕಡಿಮೆ ಮಾಡಿದ, ಮರದ ನಾಲ್ಕು ಕೊಂಬೆ ಕಡಿಸಿದ. ಗೋಡೆಯನ್ನು ಕಡಿಸಲು ಬರುವುದಿಲ್ಲವಲ್ಲ. ಕೇಳಿದವರಿಗೆಲ್ಲ "ಬೇರು ಹಿಡಿಯೋವಾಗ ಹೀಗೇ ಕಂದಾಗುತ್ತೆ, ಔಷಧಿ ಹೊಡೆದ್ರೆ ಒಂದೇ ರಾತ್ರೀಲಿ ಹಸಿರಾಗುತ್ತೆ" ಎನ್ನುತ್ತಿದ್ದ.

"ನಿಮ್ಮಕ್ಕ ಅವತ್ತೇ ಹೇಳಿದ್ರಲ್ಲ," ಎಂದಳು ಕತ್ತರಿ, ಸತ್ತ ಹುಲ್ಲನ್ನು ಬೆರಳಲ್ಲಿ ಎತ್ತಿ ನೋಡುತ್ತ.

"ನಿನ್ನ ಕೆಲಸ ನೋಡು."

"ನೋಡ್ತಾನೇ ಇದ್ದೀನಿ. ಕತ್ತರಿಸೋಕೆ ಏನೂ ಇಲ್ಲ ಮೇಷ್ಟ್ರೇ."

ಆ ಹೊತ್ತಿಗೆ ಡಾಕ್ಟರಮ್ಮ ಹೇಳಿಕಳಿಸಿದರು. ಬರುವ ಸೋಮವಾರ ಬೆಳಿಗ್ಗೆ ಹಗ್ಗ ಬಿಚ್ಚಿ ರೋಗಿಗಳನ್ನು ಲಾನ್ ಮೇಲೆ ನಡೆಸುತ್ತಾರೆ, ಮನೆಯವರೂ ಬರಬೇಕು. ಅದೇ ದಿನ, ನಡಿಗೆ ಮುಗಿದ ಮೇಲೆ, ಅಕ್ಕನ ತೀರ್ಮಾನ.

ಮೇಷ್ಟ್ರು ಎರಡು ದಿನ ಕೈ ಕೈ ಹಿಸುಕಿಕೊಂಡು ಕೂತ. ಒಂದೇ ದಿನ ಮರ್ಯಾದೆ ಉಳಿದರೆ ಸಾಕು, ಆಮೇಲೆ ಸದ್ದಿಲ್ಲದೆ ಎಲ್ಲ ಕಿತ್ತು ಬೇರೆ ಹಾಕುತ್ತೇನೆ ಎಂದುಕೊಂಡ. ಒಣಗಿದ ಹುಲ್ಲಿಗೆ ಹೊಡೆಯುವ ಹಸಿರು ಬಣ್ಣ ಒಂದು ಬರುತ್ತದೆ. ಫೋಟೋದವರು, ಆಟದ ಮೈದಾನದವರು ಬಳಸುವುದು. ಅದನ್ನು ಕೇಳಿಕೊಂಡು ಬಂದವರನ್ನು ಮೇಷ್ಟ್ರು "ಸತ್ತವರ ಕೆನ್ನೆಗೆ ಪೌಡರ್ ಹಚ್ತೀರೇನ್ರಿ?" ಎಂದು ಬಾಗಿಲಿಂದಲೇ ಓಡಿಸುತ್ತಿದ್ದ. ಈಗ ದೂರದ ಅಂಗಡಿಗೆ, ತನ್ನ ಗುರುತಿಲ್ಲದ ಕಡೆಗೆ ಹೋಗಿ, ಎರಡು ಡಬ್ಬಿ ತಂದ.

"ನಾನು ಕತ್ತರಿಸೋಳು, ಬಳಿಯೋಳಲ್ಲ," ಎಂದು ಕತ್ತರಿ ಕೈ ಒರೆಸಿಕೊಂಡು ಹೋಗಿಬಿಟ್ಟಳು.

ಸೋಮವಾರ ಹಾಲಿನವರೂ ಬರುವ ಮುಂಚೆ ಮೇಷ್ಟ್ರು ಬೆನ್ನಿಗೆ ಸ್ಪ್ರೇ ಡಬ್ಬ ಕಟ್ಟಿಕೊಂಡು ಆರೈಕೆ ಮನೆಯ ಗೇಟು ದಾಟಿದ. ಕಾವಲಿನವನಿಗೆ "ಔಷಧಿ ಹೊಡೀಬೇಕು" ಎಂದ. ತನ್ನ ವಯಸ್ಸಿಗೆ, ತನ್ನ ಹೆಸರಿಗೆ, ಇಂಥ ಹೊತ್ತಿನಲ್ಲಿ ಕಳ್ಳನ ಹಾಗೆ ಬಗ್ಗಿಕೊಂಡು ಸತ್ತ ಹುಲ್ಲಿಗೆ ಬಣ್ಣ ಹೊಡೆಯುತ್ತಿದ್ದೇನಲ್ಲ ಎಂದು ಅವನಿಗೆ ಅನ್ನಿಸದೆ ಇರಲಿಲ್ಲ. ಅನ್ನಿಸಿದರೂ ಕೈ ನಿಲ್ಲಲಿಲ್ಲ. ಬೆಳಕು ಹರಿದಾಗ ಅಂಗಳ ಹಚ್ಚಹಸಿರಾಗಿ ಹೊಳೆಯುತ್ತಿತ್ತು. ಒಂದು ವಿಷಯ ಮಾತ್ರ ಗಡಿಬಿಡಿಯಲ್ಲಿ ಮರೆತಿದ್ದ. ಆ ಬಣ್ಣ ಒಣಗಲು ಬಿಸಿಲು ಬೇಕು. ಹುಲ್ಲನ್ನು ಕೊಂದ ನೆರಳು ಬಣ್ಣವನ್ನೂ ಒಣಗಲು ಬಿಡಲಿಲ್ಲ.

ಒಂಬತ್ತು ಗಂಟೆಗೆ ಹಗ್ಗ ಬಿಚ್ಚಿದರು. ರೋಗಿಗಳು ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು ಇಳಿದರು. ಬಸ್ ಓಡಿಸುತ್ತಿದ್ದ ಡ್ರೈವರ್ ಕೋಲೂರಿ ನಾಲ್ಕು ಹೆಜ್ಜೆ ಹಾಕಿದ. ಅಕ್ಕ ಯಾರ ಕೈಯನ್ನೂ ಹಿಡಿಯದೆ ಮರದ ಬುಡದ ತನಕ ಹೋಗಿ, ಕಾಂಡ ಮುಟ್ಟಿ, ವಾಪಸು ಬಂದಳು. ಇಪ್ಪತ್ತಾರು ಹೆಜ್ಜೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಮೇಷ್ಟ್ರ ಕಣ್ಣಲ್ಲೂ ನೀರು ಬಂತು. ಆ ಗಳಿಗೆಯಲ್ಲಿ ಅವನು ಬಣ್ಣದ ವಿಷಯ ಮರೆತೇ ಹೋಗಿದ್ದ.

ಅವರೆಲ್ಲ ಒಳಗೆ ಹೋದರು. ಒಳಗಿನ ಪಡಸಾಲೆಯ ನೆಲ ಬಿಳಿ ಟೈಲ್ಸು.

"ಇದೇನಿದು!" ಎಂದು ಯಾರೋ ಕೂಗಿದರು.

ಬಿಳಿ ನೆಲದ ಉದ್ದಕ್ಕೂ ಹಸಿರು ಹೆಜ್ಜೆಗಳು. ಡ್ರೈವರನ ಒಂದು ಪೂರ್ತಿ ಪಾದ, ಪಕ್ಕದಲ್ಲಿ ಎಳೆದ ಗೀರು, ಅದರ ಪಕ್ಕ ಕೋಲಿನ ಚುಕ್ಕೆ. ಅಕ್ಕನ ಬಲಗಾಲು ಅಚ್ಚಾಗಿ, ಎಡಗಾಲು ಅಂಚು ಮಾತ್ರ. ಡ್ರೈವರ್ ತನ್ನ ಕಾಲೆತ್ತಿ ನೋಡಿಕೊಂಡು ಗಹಗಹಿಸಿ ನಕ್ಕ.

"ಮೂವತ್ತು ವರ್ಷ ಸಿಗ್ನಲ್ಲಲ್ಲಿ ಹಸಿರಿಗೆ ಕಾದು ಕಾದು ಸಾಕಾಗಿತ್ತು ಮೇಷ್ಟ್ರೇ. ಈಗ ಕಾಲಿಗೇ ಬಂತು ನೋಡಿ, ಇನ್ನು ನನ್ನ ಯಾರೂ ನಿಲ್ಲಿಸೋ ಹಾಗಿಲ್ಲ!"

ಎಲ್ಲರೂ ನಕ್ಕರು. ಡಾಕ್ಟರಮ್ಮ ಮಾತ್ರ ಮೇಷ್ಟ್ರ ಕಡೆ ತಿರುಗಿದರು.

"ಅದು ರಸ," ಎಂದ ಮೇಷ್ಟ್ರು. "ಎಳೇ ಹುಲ್ಲಲ್ವಾ, ತುಳಿದ್ರೆ ರಸ ಬಿಡುತ್ತೆ. ಮೊದಲ ಸಲ ಹೀಗೇ."

ಹೇಳಿದ್ದು ಹುಲ್ಲು ಮೇಷ್ಟ್ರು. ನಂಬದೆ ಏನು ಮಾಡುತ್ತಾರೆ? ಡಾಕ್ಟರಮ್ಮ ತಲೆಯಾಡಿಸಿ ಮುಂದೆ ಹೋದರು. ಅಕ್ಕ ಬೆಂಚಿನ ಮೇಲೆ ಕೂತು ತನ್ನ ಪಾದ ತಿರುಗಿಸಿ ನೋಡಿಕೊಂಡಳು. ಬೆರಳಲ್ಲಿ ಸ್ವಲ್ಪ ಒರೆಸಿ, ಬೆಳಕಿಗೆ ಹಿಡಿದಳು. ಹುಲ್ಲಿನ ಕಲೆ ಹೇಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ತಮ್ಮನ ಚಡ್ಡಿಯ ಮಂಡಿಯಿಂದ ಎಷ್ಟು ವರ್ಷ ಹುಲ್ಲಿನ ಕಲೆ ಉಜ್ಜಿ ತೆಗೆದಿಲ್ಲ ಅವಳು? ಬಟ್ಟೆಗೆ ಹಾಕುವ ಬಣ್ಣ ಅಂಟಿದರೆ ಹೇಗಿರುತ್ತದೆ ಎಂದೂ ಅವಳಿಗೆ ಗೊತ್ತು. ತಲೆಯೆತ್ತಿ ತಮ್ಮನನ್ನು ನೋಡಿದಳು. ಮೇಷ್ಟ್ರು ಎರಡೂ ಕೈಯನ್ನು ಜೇಬಿಗೆ ತುರುಕಿಕೊಂಡ. ಉಗುರಿನ ಸಂದಿಯಲ್ಲಿ ಹಸಿರಿತ್ತು.

ತೀರ್ಮಾನದ ಕೋಣೆ ಚಿಕ್ಕದು. ಒಂದು ಮೇಜು, ಆಚೆ ಡಾಕ್ಟರಮ್ಮ ಮತ್ತು ಇಬ್ಬರು, ಈಚೆ ಅಕ್ಕ ಮತ್ತು ಅವನು.

"ಅಮ್ಮಾ, ನಡಿಗೆ ಚೆನ್ನಾಗಿದೆ," ಎಂದರು ಡಾಕ್ಟರಮ್ಮ. "ಕೈ ಕೂಡ ಪರವಾಗಿಲ್ಲ. ಆದ್ರೆ ಇಲ್ಲೊಂದು ಸಾಲು ಇದೆ, ಹುಲ್ಲು ಹಾಕೋಕೆ ಬಂದ ದಿನದ್ದು. 'ನೆನಪು ಕಲಸಿಹೋಗಿದೆ ಎಂದು ತಮ್ಮ ಹೇಳುತ್ತಾರೆ.' ಒಬ್ಬರೇ ಇರೋರಿಗೆ ಇದು ಸಣ್ಣ ವಿಷಯ ಅಲ್ಲ. ಮನೇಲಿ ಒಲೆ ಇರುತ್ತೆ, ಮಾತ್ರೆ ಇರುತ್ತೆ. ಅವತ್ತು ನೀವು ಈ ಹುಲ್ಲು ಇಲ್ಲಿ ಬರೋದೇ ಇಲ್ಲ ಅಂದ್ರಿ. ನೋಡಿದ್ರೆ ಬಂದಿದೆ, ಇವತ್ತು ನೀವೇ ಅದರ ಮೇಲೆ ನಡೆದ್ರಿ. ಅವತ್ತು ಯಾಕೆ ಹಾಗಂದ್ರಿ? ನೆನಪಿದೆಯಾ?"

ಮೇಷ್ಟ್ರಿಗೆ ಆಗ ತಿಳಿಯಿತು. ತನ್ನ ಮರ್ಯಾದೆಗೆಂದು ಹೊಡೆದ ಬಣ್ಣ ಅಕ್ಕನ ವಿರುದ್ಧ ಸಾಕ್ಷಿಯಾಗಿ ನಿಂತಿತ್ತು. ಹುಲ್ಲು ಹಸಿರಾಗಿದ್ದರೆ ಅವಳ ತಲೆ ಕೆಟ್ಟಿರಬೇಕು. ಅವಳ ತಲೆ ನೆಟ್ಟಗಿದ್ದರೆ ಹುಲ್ಲು ಸತ್ತಿರಬೇಕು. ನಡುವೆ ಮೂರನೆಯ ದಾರಿ ಇರಲಿಲ್ಲ.

ಬಾಯಿ ತೆರೆಯಬೇಕೆಂದುಕೊಂಡವನು ಕೈಗಳನ್ನು ಜೇಬಿನೊಳಗೆ ಇನ್ನೂ ಆಳಕ್ಕೆ ತುರುಕಿಕೊಂಡ.

ಅಕ್ಕ ಅವನ ಜೇಬಿನ ಕಡೆ ನೋಡಿದಳು. ಆಮೇಲೆ ಡಾಕ್ಟರಮ್ಮನನ್ನು ನೋಡಿ, ಎಂದಿನಂತೆ ನಿಧಾನವಾಗಿ, ಒಂದೊಂದೇ ಶಬ್ದ ಹೇಳಿದಳು.

"ಕಲಸಿಹೋಗಿತ್ತು ಅನ್ಸುತ್ತೆ ಡಾಕ್ಟರಮ್ಮ. ಹಳೇ ಮನೆ ನೆನಪಾಗಿ ಏನೋ ಅಂದೆ. ಹುಲ್ಲಿನ ವಿಷಯ ಅವನಿಗೆ ಗೊತ್ತಿರೋದು ನನಗೇನು ಗೊತ್ತು?"

ಮೇಜಿನಾಚೆಯ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಾಕ್ಟರಮ್ಮ ಮೃದುವಾಗಿಯೇ ಹೇಳಿದರು, ಹಿಂದಿನ ಕಟ್ಟಡದಲ್ಲಿ ಕಿಟಕಿ ಪಕ್ಕದ ಮಂಚ ಖಾಲಿ ಇದೆ, ಗಾಳಿ ಬೆಳಕು ಚೆನ್ನಾಗಿದೆ, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದು. ಅಕ್ಕ ತಲೆಯಾಡಿಸಿದಳು. ಬಲಗೈಯಿಂದ ಕುತ್ತಿಗೆಯ ದಾರ ಹಿಡಿದು, ತಲೆಯ ಮೇಲಿಂದ ತೆಗೆಯಲು ಹೋದಳು. ಕೂದಲಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು, ಬೀಗದ ಕೈಯನ್ನು ತಮ್ಮನ ಮುಂದೆ ಹಿಡಿದಳು.

"ತಗೋ. ಮಷೀನಿಗೆ ವಾರಕ್ಕೊಂದು ಸಲ ಎಣ್ಣೆ ಬಿಡು. ಸುಮ್ನೆ ಬಿಟ್ರೆ ತುಕ್ಕು ಹಿಡಿಯುತ್ತೆ."

ತೆಗೆದುಕೊಳ್ಳಬೇಕೆಂದರೆ ಕೈ ಜೇಬಿನಿಂದ ಹೊರಗೆ ಬರಬೇಕು. ಬಂತು. ಹಸಿರು ಉಗುರು, ಹಸಿರು ಗೆರೆಗಳ ಅಂಗೈ. ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು ಅವನಿಗೆ. ಆದರೆ ನೆಲ ಗಟ್ಟಿಯಾಗಿಯೇ ಇತ್ತು, ಮತ್ತು ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು.

"ಹುಲ್ಲು ಬಂದಿಲ್ಲ," ಎಂದ. ಧ್ವನಿ ಅವನದೇ ಎಂದು ಅವನಿಗೇ ನಂಬಿಕೆಯಾಗಲಿಲ್ಲ. "ಸತ್ತು ಎರಡು ವಾರ ಆಯ್ತು ಡಾಕ್ಟರಮ್ಮ. ಅದು ಬಣ್ಣ. ಇವತ್ತು ಬೆಳಿಗ್ಗೆ ನಾನೇ ಬಂದು ಹೊಡೆದೆ. ರಸ ಅಂದದ್ದೂ ಸುಳ್ಳು. ಅಕ್ಕ ಅವತ್ತು ಹೇಳಿದ್ದೇ ಸರಿ ಇತ್ತು. ಅವಳಿಗೆ ಏನೂ ಕಲಸಿಹೋಗಿಲ್ಲ. ಅಷ್ಟು ಜನರ ಮುಂದೆ ನನಗೆ ಬುದ್ಧಿ ಹೇಳಿದ್ಲು ಅಂತ ಸಿಟ್ಟಿಗೆ ನಾನು ಹಾಗಂದೆ. ನೀವು ಬರ್ಕೊಂಡ್ರಿ. ಬರ್ಕೊಳ್ಳೋದು ನೋಡ್ತಾನೇ ಇದ್ದೆ."

ಅಕ್ಕ "ಸುಮ್ನಿರೋ" ಎಂದು ಗದರಿದಳು, ಚಿಕ್ಕ ಹುಡುಗನನ್ನು ಗದರುವ ಹಾಗೆ.

"ತಮ್ಮ ಅಕ್ಕನ ಪರವಾಗಿ ಹೀಗೆ ಹೇಳೋದು ಸಹಜ," ಎಂದರು ಮೂವರಲ್ಲಿ ಒಬ್ಬರು. "ಆದ್ರೆ ಈಗ ತಾನೇ ಅವರೇ ಒಪ್ಕೊಂಡ್ರಲ್ಲ."

ಮೇಷ್ಟ್ರು ಕುರ್ಚಿ ಬಿಟ್ಟು ಕೆಳಗೆ ಕೂತ. ಅಕ್ಕನ ಮುಂದೆ ಮಂಡಿಯೂರಿ, ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ, ಅಂಗಾಲು ಅವರ ಕಡೆ ತಿರುಗಿಸಿ ಹಿಡಿದ. ಅವನ ಅಂಗೈಯ ಹಸಿರು, ಅವಳ ಅಂಗಾಲಿನ ಹಸಿರು ಒಂದೇ ಆಗಿತ್ತು. ಕಾಲು ಹಿಡಿದುಕೊಂಡೇ, ಮುಖ ಮೇಲೆತ್ತಿ, ಕೇಳಬೇಕಾಗಿದ್ದ ದಿನ ಕೇಳದೆ ಬಿಟ್ಟದ್ದನ್ನು ಕೇಳಿದ.

"ಅಕ್ಕಾ. ಆ ಅಂಗಳದಲ್ಲಿ ಎಷ್ಟು ಹೊತ್ತು ಬಿಸಿಲು?"

ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಮತ್ತೆ ಕೇಳಿದ. ಅಕ್ಕ ನಿಟ್ಟುಸಿರು ಬಿಟ್ಟಳು.

"ಬೆಳಿಗ್ಗೆ ಎಂಟೂಮುಕ್ಕಾಲಿಂದ ಹತ್ತರ ತನಕ, ಗೇಟಿನ ಕಡೆ ಮೂಲೇಲಿ. ಸಂಜೆ ನಾಲ್ಕರ ಮೇಲೆ ಕಾಲು ಗಂಟೆ, ನೀರಿನ ಟ್ಯಾಂಕಿನ ಪಕ್ಕ. ನಡುವೆ ಚೂರೂ ಇಲ್ಲ."

"ಎಷ್ಟು ನೀರು?"

"ಅಡುಗೆಮನೆ ತೊಳೆದ ನೀರು ದಿನಾ ಆ ಕಡೆಗೇ ಹರಿಯುತ್ತೆ. ಮರದ ಬುಡ ಯಾವಾಗ್ಲೂ ಒದ್ದೆ."

"ಎಷ್ಟು ಕಾಲು?"

"ನಲವತ್ತೊಂದು."

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಅದೇನದು, ನಲವತ್ತೊಂದು?"

"ಇಪ್ಪತ್ತೊಂದು ಜನ ಇದ್ದೀವಿ ಡಾಕ್ಟರಮ್ಮ. ಆ ಮೂಲೆ ಮಂಚದ ಬಡಗಿಗೆ ಒಂದೇ ಕಾಲು," ಎಂದಳು ಅಕ್ಕ. ಆಮೇಲೆ ತಮ್ಮನ ಕಡೆ ಬಗ್ಗಿ, ಅವನಿಗೆ ಮಾತ್ರ ಎನ್ನುವ ಹಾಗೆ, ಆದರೆ ಎಲ್ಲರಿಗೂ ಕೇಳಿಸುವಂತೆ ಹೇಳಿದಳು. "ನೀನು ಹುಲ್ಲು ಹಾಕೋಕೆ ಬರ್ತೀಯ ಅಂತ ಗೊತ್ತಾದ ದಿನದಿಂದ ಕಿಟಕೀಲಿ ಕೂತು ನೋಡಿಟ್ಟಿದ್ದೆ ಕಣೋ. ನೀನು ಎಲ್ಲರನ್ನೂ ಕೇಳ್ತೀಯಲ್ಲ, ನನ್ನೂ ಕೇಳ್ತೀಯ ಅಂತ. ನೀನು ಕೇಳ್ಲೇ ಇಲ್ಲ."

ಆ ಕಿಟಕಿ ಅಂಗಳಕ್ಕೇ ತೆರೆದುಕೊಳ್ಳುತ್ತಿತ್ತು. ದಿನಾ ಬೆಳಗಾಗುವ ಮುಂಚೆ ಅವಳು ಅಲ್ಲಿ ಕೂತಿರುತ್ತಾಳೆ. ಅಂದರೆ ಇವತ್ತೂ ಕೂತಿದ್ದಳು. ಬೆನ್ನಿಗೆ ಡಬ್ಬ ಕಟ್ಟಿಕೊಂಡು ಬಗ್ಗಿ ಬಗ್ಗಿ ಓಡಾಡುತ್ತಿದ್ದ ತಮ್ಮನನ್ನು ಮೊದಲಿಂದ ಕೊನೆಯ ತನಕ ನೋಡಿದ್ದಾಳೆ. ನೋಡಿ, ಎಲ್ಲ ಗೊತ್ತಿದ್ದೂ, ಆ ಹುಲ್ಲಿನ ಮೇಲೆ ಇಪ್ಪತ್ತಾರು ಹೆಜ್ಜೆ ನಡೆದಿದ್ದಾಳೆ. ಮೇಷ್ಟ್ರು ತಲೆ ತಗ್ಗಿಸಿದ. ಅವಳ ಪಾದದ ಮೇಲೆ ಅವನ ಕಣ್ಣೀರು ಬಿತ್ತು. ಎಡಗಾಲು. ಅವಳಿಗೆ ಗೊತ್ತಾಗಲಿಲ್ಲ.

ಡಾಕ್ಟರಮ್ಮ ಫೈಲಿನ ಆ ಸಾ‌ಲನ್ನು ಎರಡು ಗೆರೆ ಎಳೆದು ಹೊಡೆದುಹಾಕಿದರು. "ನಾನೂ ಇವರನ್ನೇ ಕೇಳ್ಬೇಕಿತ್ತು," ಎಂದರು, ಯಾರ ಮುಖವನ್ನೂ ನೋಡದೆ. ಆಮೇಲೆ ಮೇಷ್ಟ್ರಿಗೆ, "ನೀವು ಮೊದಲು ಆ ನೆಲ ಒರೆಸಿ" ಎಂದರು.

ಒರೆಸಿದ. ಬಕೆಟ್ಟು, ಬಟ್ಟೆ ಇಸಿದುಕೊಂಡು, ಬಿಳಿ ಟೈಲ್ಸಿನ ಉದ್ದಕ್ಕೂ ಮಂಡಿಯ ಮೇಲೆ ಹೋಗುತ್ತ, ಒಂದೊಂದು ಹೆಜ್ಜೆಯನ್ನೂ ಒರೆಸಿದ. ರೋಗಿಗಳ ಮನೆಯವರು ಸುತ್ತು ಹಾಕಿಕೊಂಡು ದಾಟುತ್ತಿದ್ದರು. ವಿಷಯ ಅಷ್ಟರಲ್ಲೇ ಎಲ್ಲರಿಗೂ ಮುಟ್ಟಿತ್ತು. ಡ್ರೈವರ್ ಕೂಡ ಈ ಸಲ ತಮಾಷೆ ಮಾಡಲಿಲ್ಲ. ತಮಾಷೆ ಮಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನವೇ ಸತ್ತ ಹುಲ್ಲನ್ನೆಲ್ಲ ಕಿತ್ತು, ನರ್ಸರಿಯ ಹಿಂದಿನ ನಲ್ಲಿಯ ಬಳಿಯಿಂದ ಅಗಲ ಹುಲ್ಲಿನ ಬಳ್ಳಿ ಬುಟ್ಟಿಗಟ್ಟಲೆ ತಂದು, ಗೇಣಿಗೊಂದರಂತೆ ನೆಟ್ಟ. ಕತ್ತರಿ ಜೊತೆಗೆ ಬಂದಳು. ಇಡೀ ದಿನ ಒಂದು ಮಾತೂ ಆಡಲಿಲ್ಲ. ಅವಳ ಮಟ್ಟಿಗೆ ಅದು ದೊಡ್ಡ ಕರುಣೆ.

ಅಕ್ಕ ಬೀಗದ ಕೈಯ ದಾರವನ್ನು ಮತ್ತೆ ಕುತ್ತಿಗೆಗೆ ಹಾಕಿಕೊಂಡು ಮನೆಗೆ ಹೋದಳು. ಮೂರು ವಾರ ಬಿಟ್ಟು, ಒಂದು ಮಧ್ಯಾಹ್ನ, ಮೇಷ್ಟ್ರು ಧೈರ್ಯ ಮಾಡಿ ಅವಳ ಬಾಗಿಲು ತಟ್ಟಿದ. ಒಳಗಿಂದ ಬೀಗದ ಸದ್ದು ಬರಲು ಸ್ವಲ್ಪ ಹೊತ್ತು ಹಿಡಿಯಿತು. ತೆರೆದಳು. "ಬಾ" ಎಂದಷ್ಟೇ ಹೇಳಿ ಹೋಗಿ ಮತ್ತೆ ಮಷೀನಿನ ಮುಂದೆ ಕೂತಳು. ಯಾರದೋ ಶಾಲೆಯ ಅಂಗಿ, ನೀಲಿ ಬಟ್ಟೆ. ಅವನು ಪಕ್ಕದ ಸ್ಟೂಲಿನ ಮೇಲೆ ಕೂತ. ಕ್ಷಮಿಸು ಎನ್ನುವ ಮಾತನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ. ಅದನ್ನು ಆಡುವ ಬದಲು ಕೆಳಗೆ ಬಿದ್ದಿದ್ದ ಬಟ್ಟೆ ಚೂರುಗಳನ್ನು ಹೆಕ್ಕತೊಡಗಿದ.

ಅಕ್ಕ ಬಲಗಾಲಲ್ಲಿ ಪೆಡಲು ತುಳಿಯುತ್ತಿದ್ದಳು. ಎಡಗಾಲು ಪಕ್ಕದಲ್ಲಿ ಮಡಚಿ ಇಟ್ಟಿತ್ತು, ಅಂಗಾಲು ಅವನ ಕಡೆ. ಹಿಮ್ಮಡಿಯ ಬಿರುಕುಗಳಲ್ಲಿ ಇನ್ನೂ ಹಸಿರಿತ್ತು. ತೊಳೆದು ತೊಳೆದು ಉಳಿದೆಲ್ಲ ಹೋಗಿ, ಬಿರುಕಿನ ಆಳದಲ್ಲಿ ಮಾತ್ರ ಸಣ್ಣ ಸಣ್ಣ ಗೆರೆಗಳಾಗಿ ಉಳಿದುಕೊಂಡಿತ್ತು. ಅವನು ಬೇರೆ ಕಡೆ ನೋಡಲು ಪ್ರಯತ್ನಿಸಿದ, ಆಗಲಿಲ್ಲ.

ಮಷೀನು ನಿಂತಿತು.

"ಏನು ನೋಡ್ತಿದ್ದೀಯ?"

"ಏನಿಲ್ಲ ಅಕ್ಕ."

ಅಕ್ಕ ತನ್ನ ಪಾದದ ಕಡೆ ನೋಡಿದಳು, ಅವನ ಕಡೆ ನೋಡಿದಳು. ಪಾದವನ್ನು ಒಳಗೆ ಎಳೆದುಕೊಳ್ಳಲಿಲ್ಲ. ದಾರ ತುಂಡಾಗಿತ್ತು. ಅದರ ತುದಿಯನ್ನು ನಾಲಿಗೆಯಿಂದ ಒದ್ದೆ ಮಾಡಿ ಅವನ ಕೈಗೆ ಕೊಟ್ಟಳು.

"ಪೋಣಿಸು. ನನ್ನ ಎಡಗೈ ಇನ್ನೂ ನಡುಗುತ್ತೆ."

ಅವನು ಬಗ್ಗಿದ. ಸೂಜಿಯ ಕಣ್ಣು ಕಾಣಿಸುತ್ತಿರಲಿಲ್ಲ. ಮೂರು ಸಲ ತಪ್ಪಿದ. ಅಕ್ಕ ಅವಸರ ಮಾಡದೆ ಕಾಯುತ್ತ ಕೂತಳು.